ಪಾಳಾ ಕಡೆಯ ಕೂಸುಗಳೆಲ್ಲ ನಾಪಾಸು

ಆ ಗುರುವಾರ ಮುಂಡಗೋಡ ತಾಲ್ಲೂಕಿನ ಪಾಳಾ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನಾವು ಕಿವಿ ಪರೀಕ್ಷೆ ಮಾಡಿದ ಕೂಸುಗಳಲ್ಲಿ ಒಂದೂ ಪಾಸಾಗಲಿಲ್ಲ. ಮೊದಲ ಕೂಸಿನ ಬಲಗಿವಿಗೆ ಯಂತ್ರದ ರಬ್ಬರ್ ತುದಿ ಇಟ್ಟಾಗ ಪರದೆಯ ಮೇಲೆ ‘ರೆಫರ್’ ಎಂದು ಬಂತು. ಎಡಗಿವಿಗೂ ಅದೇ. ಎರಡನೆಯ ಕೂಸಿಗೂ ಅದೇ. ಸಾಲು ಅರ್ಧ ಮುಗಿಯುವ ಹೊತ್ತಿಗೆ ಗೋಡೆಗೆ ಒರಗಿ ಕುಳಿತಿದ್ದ ತಾಯಂದಿರು ಪಿಸುಗುಟ್ಟತೊಡಗಿದ್ದರು. ಒಬ್ಬಳು ತಡೆಯಲಾರದೆ ಕೇಳಿಯೇ ಬಿಟ್ಟಳು.

“ಬಾಯಾರ, ನಮ್ಮ ಕಡೀ ಕೂಸುಗಳೆಲ್ಲಾ ನಾಪಾಸ ಏನ್ರಿ?”

ನಾನು ನಕ್ಕು, “ತಡೀರಿ, ಇನ್ನೊಮ್ಮೆ ನೋಡೂಣು” ಎಂದೆ. ಗೊತ್ತಿಲ್ಲದಾಗ ನಗುವುದು ನನ್ನ ಚಾಳಿ. ಆ ದಿನ ಬಹಳ ನಗಬೇಕಾಯಿತು.

ನನ್ನ ಕೆಲಸ ಹೇಳಲು ಸುಲಭ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿದ ಮಕ್ಕಳ ಕಿವಿ ಪರೀಕ್ಷೆಯ ಫಲಿತಾಂಶ ಒಟ್ಟುಗೂಡಿಸಿ, ಪಾಸಾಗದವರ ಬೆನ್ನು ಹತ್ತುವುದು. ಹೆರಿಗೆಯಾದ ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ, ಕೂಸಿಗೆ ಒಂದೂವರೆ ತಿಂಗಳಾಗಿ ಚುಚ್ಚುಮದ್ದಿಗೆ ಬಂದಾಗ ಎರಡನೆಯದು. ಅದರಲ್ಲೂ ಆಗದಿದ್ದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ‘ಬೆರಾ’ ಎಂಬ ಪರೀಕ್ಷೆ. ಮಲಗಿದ ಕೂಸಿನ ತಲೆಗೆ ಸಣ್ಣ ತಂತಿ ಅಂಟಿಸಿ, ಶಬ್ದ ಮಿದುಳಿನತನಕ ತಲುಪುತ್ತದೆಯೋ ಇಲ್ಲವೋ ಎಂದು ಅದರಲ್ಲಿ ನೋಡುತ್ತಾರೆ. ನಮ್ಮ ಕೈಯಲ್ಲಿರುವ ಯಂತ್ರ ಅಷ್ಟು ದೊಡ್ಡದಲ್ಲ. ಅದು ಕಿವಿಯೊಳಗೆ ಸಣ್ಣ ಸದ್ದು ಕಳಿಸುತ್ತದೆ, ಆರೋಗ್ಯವಂತ ಕಿವಿಯಾದರೆ ಒಳಗಿನಿಂದ ಕ್ಷೀಣವಾದ ಮಾರ್ದನಿ ಬರುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಮಾರ್ದನಿ ಸಿಗದಿದ್ದರೆ ರೆಫರ್ ಎನ್ನುತ್ತದೆ. ಕೂಸು ಕಿವುಡು ಎಂದು ಅದರ ಅರ್ಥವಲ್ಲ, ಮುಂದೆ ಕಳಿಸಿ ನೋಡಿ ಎಂದಷ್ಟೇ. ಇದನ್ನು ಬಿಡಿಸಿ ಹೇಳುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ಹಳ್ಳಿಗಳಲ್ಲಿ ನನಗೆ ‘ಕಿವಿ ಬಾಯಿ’, ಅಂದರೆ ಕಿವಿಯ ಮೇಡಂ, ಎಂದು ಹೆಸರಿಟ್ಟಿದ್ದಾರೆ. ಕಿವಿಗಿಂತ ಬಾಯೇ ಹೆಚ್ಚು ಎಂದು ನನ್ನ ಗಂಡ ಮನೆಯಲ್ಲಿ ಆಡಿಕೊಳ್ಳುತ್ತಾರೆ.

ಬೆನ್ನು ಹತ್ತಲು ಕಾರಣವಿದೆ. ಹುಟ್ಟಿನಿಂದ ಕೇಳಿಸದ ಕೂಸನ್ನು ಮೊದಲ ಕೆಲವು ತಿಂಗಳಲ್ಲಿ ಹಿಡಿದು ಕಿವಿಗೆ ಕೇಳಿಸುವ ಯಂತ್ರ ಹಾಕಿದರೆ ಅದು ಮಾತು ಕಲಿಯುತ್ತದೆ. ‘ಅವರಪ್ಪನೂ ತಡವಾಗಿ ಮಾತಾಡಿದ್ದ’ ಎಂದುಕೊಂಡು ಮೂರು ವರ್ಷ ಕಾದರೆ, ಆಮೇಲೆ ಏನು ಹಾಕಿದರೂ ಕಲಿಕೆ ಕುಂಟುತ್ತದೆ. ಹಾಗೆ ಕಾದ ಮಕ್ಕಳನ್ನು ನಾನು ನೋಡಿದ್ದೇನೆ, ಇನ್ನು ನೋಡಲು ಇಷ್ಟವಿಲ್ಲ.

ಮೊದಲ ಅನುಮಾನ ಯಂತ್ರದ ಮೇಲೆ ಬಂತು. ಯಂತ್ರ ನೋಡಿಕೊಳ್ಳುವ ತಂತ್ರಜ್ಞ ದಾಂಡೇಲಿಯವರು, ಐವತ್ತು ದಾಟಿದವರು, ಅದನ್ನು ಮಗಳಂತೆ ಒರೆಸಿ ಇಡುವವರು. ಅವರಿಗೆ ಸಿಟ್ಟು ಬಂತು.

“ಮೇಡಮ್ಮಾರ, ಕುಣೀಲಾರದಾಕಿ ನೆಲ ಡೊಂಕ ಅಂದಿದ್ಲಂತ. ಮಷಿನ್ ಚಲೋ ಐತ್ರಿ. ಬೇಕಾದ್ರ ನಿಮ್ಮ ಕಿವಿ ತರ್ರಿ ಇಲ್ಲೆ.”

ನನ್ನ ಕಿವಿ ಪಾಸಾಯಿತು. ಅವರದೂ ಆಯಿತು. ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆಯದೂ ಆಯಿತು. ರಬ್ಬರ್ ತುದಿ ಬದಲಿಸಿದೆವು, ಒಳಗಿನ ಸಣ್ಣ ರಂಧ್ರಗಳನ್ನು ದಾರದಿಂದ ಸ್ವಚ್ಛ ಮಾಡಿದೆವು. ಸೂಜಿ ಚುಚ್ಚಿಸಿಕೊಂಡ ಮಕ್ಕಳ ಅಳು ಅಡ್ಡ ಬರುತ್ತಿರಬಹುದೆಂದು ಔಷಧಿ ಪೆಟ್ಟಿಗೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮತ್ತೆ ನೋಡಿದೆವು. ರೆಫರ್. ಮಳೆಗಾಲದ ನೆಗಡಿ ಇರಬಹುದು ಎಂದೆ. ಕೆಲವಕ್ಕೆ ನೆಗಡಿ ಇತ್ತು, ಕೆಲವಕ್ಕೆ ಇರಲಿಲ್ಲ. ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ.

ಮುಂದಿನ ವಾರ ಅದೇ ಯಂತ್ರ ಹಿಡಿದು ಜೋಯಿಡಾ ತಾಲ್ಲೂಕಿನ ಕುಂಬಾರವಾಡಕ್ಕೆ ಹೋದೆವು. ಅಲ್ಲಿ ಎಲ್ಲರಿಗಿಂತ ಹೆಚ್ಚು ನೆಗಡಿ, ಎಲ್ಲರಿಗಿಂತ ಹೆಚ್ಚು ಅಳು. ಆದರೆ ಕೂಸುಗಳೆಲ್ಲ ಪಾಸು. ದಾಂಡೇಲಿಯಲ್ಲಿ ಪಾಸು. ಹಳಿಯಾಳದಲ್ಲಿ ಒಂದು ಪಾಸು, ಒಂದು ಇಲ್ಲ. ತಿರುಗಿ ಪಾಳಾ ಕಡೆಗೆ ಬಂದರೆ ಮತ್ತೆ ಎಲ್ಲ ನಾಪಾಸು. ನನ್ನ ತಲೆ ಮೊಸರು ಗಡಿಗೆಯಾಯಿತು. ನೀರಿನಲ್ಲಿ ಏನಾದರೂ ಇದೆಯೇ, ಒಂದೇ ಮನೆತನಗಳೊಳಗೆ ಮದುವೆಯಾಗುವುದರಿಂದಲೇ, ಬಸುರಿಯರಿಗೆ ಕೊಟ್ಟ ಯಾವುದಾದರೂ ಗುಳಿಗೆಯಿಂದಲೇ? ಬಸ್ಸಿನಲ್ಲಿ ಕೂತಾಗೆಲ್ಲ ಒಂದೊಂದು ವಿಚಾರ ಬರುತ್ತಿತ್ತು, ಇಳಿಯುವಷ್ಟರಲ್ಲಿ ಅದು ಸುಳ್ಳೆನಿಸುತ್ತಿತ್ತು.

ಹುಬ್ಬಳ್ಳಿಯ ಶ್ರವಣತಜ್ಞೆಗೆ ಫೋನ್ ಮಾಡಿದೆ. ಬೆರಾ ಮಾಡುವವರು ಅವರೇ.

“ಎಲ್ಲಾರ್ನೂ ಇಲ್ಲೆ ಕಳಸಬ್ಯಾಡ್ರಿ, ಪಾಳಿ ತುಂಬೇತಿ,” ಎಂದರು. ಕೂಡಲೇ, “ಹಂಗಂತ ತಡಾನೂ ಮಾಡಬ್ಯಾಡ್ರಿ ಮತ್ತ” ಎಂದರು.

“ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಂತೀರೇನ್ರಿ?” ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ಕೂಸುಗಳು ಒಮ್ಮೆಲೇ ಕಿವುಡಾಗಿರಲು ಸಾಧ್ಯವಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಈ ಜೊಳ್ಳಿನ ರಾಶಿಯಲ್ಲಿ ಒಂದು ಕೂಸಿಗೆ ನಿಜವಾಗಿಯೂ ಕೇಳಿಸದಿದ್ದರೆ ಅದನ್ನು ಹೇಗೆ ಗುರುತಿಸುವುದು? ಆ ಭಯ ನನ್ನನ್ನು ಬಿಡಲಿಲ್ಲ.

ನಾನು ಬೆನ್ನು ಹತ್ತಬೇಕಾದವರ ಪಟ್ಟಿಯಲ್ಲಿ ಗೌಳಿವಾಡದ ಒಂದು ಹೆಣ್ಣುಕೂಸೂ ಇತ್ತು. ಹುಟ್ಟಿದಾಗಿನ ಪರೀಕ್ಷೆಯಲ್ಲಿ ಎರಡೂ ಕಿವಿ ಪಾಸಾಗಿರಲಿಲ್ಲ, ಎರಡನೆಯದಕ್ಕೆ ಬಂದೇ ಇರಲಿಲ್ಲ. ನನ್ನ ಬಳಿ ಇದ್ದದ್ದು ಹಳಿಯಾಳ ಕಡೆಯ ಗಂಡನ ಮನೆಯ ವಿಳಾಸ. ಅಲ್ಲಿಗೆ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವರು, “ಚೊಚ್ಚಲ ಬಾಣಂತನ ಅಲ್ರಿ, ತವರಿಗೆ ಹೋಗ್ಯಾಳ” ಎಂದರು. ನಮ್ಮ ಸೀಮೆಯಲ್ಲಿ ಮೊದಲ ಬಾಣಂತನ ತವರಿನಲ್ಲೇ ಎಂದು ಗೊತ್ತಿದ್ದೂ ಆಸ್ಪತ್ರೆಯಲ್ಲಿ ಗಂಡನ ಊರನ್ನೇ ಬರೆದುಕೊಳ್ಳುತ್ತಾರೆ. ಆ ತವರು ಪಾಳಾ ಹತ್ತಿರದ ಗೌಳಿವಾಡ. ಮುಂದಿನ ಗುರುವಾರ ನಾನೇ ಹೋಗಿ ಕರೆದುಕೊಂಡು ಬರುವುದೆಂದು ಬೆಳಿಗ್ಗೆ ಬೇಗ ಹೊರಟೆ.

ಅಂಗಳಕ್ಕೆ ಕಾಲಿಟ್ಟಾಗ ಕೂಸಿನ ಆಜಿ, ಅಂದರೆ ತಾಯಿಯ ತಾಯಿ, ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದಳು. ಹದವಾದ ಬಿಸಿನೀರು, ಮೈತುಂಬ ಕೊಬ್ಬರಿ ಎಣ್ಣೆ. ಒರೆಸಿ, ಲೋಬಾನದ ಹೊಗೆ ಹಿಡಿದು, ತಲೆಗೆ ಕುಂಚಗಿ ಕಟ್ಟುವ ಮೊದಲು ಒಂದು ಬಟ್ಟಲಿಗೆ ಬೆರಳದ್ದಿ, ಬೆಳ್ಳುಳ್ಳಿ ಹಾಕಿ ಕಾಸಿದ ಬೆಚ್ಚಗಿನ ಎಣ್ಣೆಯನ್ನು ಕೂಸಿನ ಬಲಗಿವಿಗೆ ಬಿಟ್ಟಳು. ಮಗ್ಗಲು ಹೊರಳಿಸಿ ಎಡಗಿವಿಗೂ ಬಿಟ್ಟಳು. ಕೂಸು ಆಕಳಿಸಿ ಅಲ್ಲೇ ನಿದ್ದೆಗೆ ಜಾರಿತು.

ನಾನು ನಿಂತಲ್ಲೇ ನಿಂತೆ. “ಆಜಿ, ಇವತ್ತ ಯಾಕ ಎರದಿ?”

ಆಜಿ ಅಧಿಕಾರಿ ಬಂದರೂ ಮಂತ್ರಿ ಬಂದರೂ ‘ನೀ’ ಎಂದೇ ಮಾತಾಡಿಸುವ ಹೆಂಗಸು. “ನೀನಽ ಹೇಳಿ ಕಳಿಸೀದಿ, ಕೂಸು ಮಲಗಿಸ್ಕೊಂಡು ಬರ್ರಿ ಅಂತ. ಎರದ್ರ ತಾಸುಗಟ್ಲೆ ಏಳೂದಿಲ್ಲ ಇದು. ಎಲ್ಲಾರೂ ಹಂಗಽ ಮಾಡತಾರ.”

ಹೌದು, ಹೇಳಿ ಕಳಿಸಿದ್ದು ನಾವೇ. ಅಳುವ ಕೂಸಿಗೆ ಪರೀಕ್ಷೆ ಆಗುವುದಿಲ್ಲ, ಹೊಟ್ಟೆ ತುಂಬಿಸಿ ಮಲಗಿಸಿಕೊಂಡು ತನ್ನಿ ಎಂದು ಆಶಾ ಕಾರ್ಯಕರ್ತೆಯರ ಕೈಯಲ್ಲಿ ಎಲ್ಲ ಕಡೆ ಹೇಳಿಸಿದ್ದೆವು. ಕೂಸು ಗಾಢವಾಗಿ ಮಲಗಬೇಕೆಂದರೆ ಎರೆಯಬೇಕು. ಎರೆದ ಮೇಲೆ ಕಿವಿಗೆ ಎಣ್ಣೆ ಬಿಡದಿದ್ದರೆ ಅದು ಎರೆದಂತೆಯೇ ಅಲ್ಲ. ಹಾಗಾಗಿ ಗುರುವಾರ ಮನೆಮನೆಯಲ್ಲೂ ವಿಶೇಷವಾಗಿ ಎರೆದು, ಕಿವಿ ತುಂಬ ಎಣ್ಣೆ ಬಿಟ್ಟು, ಮಲಗಿಸಿ, ನಮ್ಮ ಮುಂದೆ ತಂದಿಡುತ್ತಿದ್ದರು. ಎಣ್ಣೆ ತುಂಬಿದ ಕಿವಿಯಿಂದ ಯಾವ ಮಾರ್ದನಿ ಬರಬೇಕು! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು.

ಕುಂಬಾರವಾಡದ ಕೂಸುಗಳು ಯಾಕೆ ಪಾಸಾದವು ಎಂಬುದೂ ಬಸ್ಸಿನಲ್ಲಿ ಹೊಳೆಯಿತು. ಆ ಕಡೆ ಬಸ್ಸು ಅಪರೂಪ, ಬೆಳಗಿನದು ತಪ್ಪಿದರೆ ದಿನವೇ ತಪ್ಪಿತು. ತಾಯಂದಿರಿಗೆ ಒಲೆ ಹೊತ್ತಿಸಿ ನೀರು ಕಾಸುವಷ್ಟು ಪುರುಸೊತ್ತಿಲ್ಲ. ಎರೆಯದೆ, ಅಳುವ ಕೂಸನ್ನು ಎತ್ತಿಕೊಂಡು ಓಡಿಬಂದು, ನಮ್ಮ ಮುಂದೆಯೇ ಹಾಲು ಕುಡಿಸಿ ಸುಮ್ಮನಾಗಿಸುತ್ತಿದ್ದರು. ಬಸ್ಸಿಲ್ಲದ್ದೇ ಅಲ್ಲಿ ನಮ್ಮನ್ನು ಕಾಪಾಡಿತ್ತು.

ನನಗಾದ ಸಂತೋಷ ಹೇಳತೀರದು. ಅವತ್ತೇ ಆಶಾ ಕಾರ್ಯಕರ್ತೆಯ ಪಕ್ಕದಲ್ಲಿ ಕೂತು ವಾಟ್ಸಾಪಿಗೆ ಮಾತು ಹೇಳಿಸಿದೆ. “ಕಿವ್ಯಾಗ ಎಣ್ಣಿ ಇದ್ದದ್ದಕ್ಕ ಮಷಿನ್ ನಾಪಾಸ ಅಂದೈತಿ. ಯಾರೂ ಅಂಜಬ್ಯಾಡ್ರಿ. ಇನ್ನ ಮುಂದ ಕೂಸಿನ ಕಿವ್ಯಾಗ ಏನೂ ಹಾಕಬ್ಯಾಡ್ರಿ.” ಅದು ಸಂಜೆಯೊಳಗೆ ಊರೂರು ತಿರುಗಿತು. ನಾನು ಹಳಿಯಾಳದ ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದೆ.

ಒಂದಷ್ಟು ದಿನ ಎಣ್ಣೆ ನಿಲ್ಲಿಸಿ ಬಂದ ಕೂಸುಗಳು ಒಂದೊಂದಾಗಿ ಪಾಸಾದವು. ಪರದೆಯ ಮೇಲೆ ಪಾಸ್ ಎಂದು ಬಂದಾಗಲೆಲ್ಲ ತಂತ್ರಜ್ಞರು ನನ್ನ ಕಡೆ ತಿರುಗಿ, “ಏನಂದಿದ್ರಿ ನನ್ನ ಮಷಿನ್ನಿಗೆ?” ಎನ್ನುತ್ತಿದ್ದರು. ಕೊನೆಗೆ ಉಳಿದದ್ದು ಗೌಳಿವಾಡದ ಹೆಣ್ಣುಕೂಸು. ರೆಫರ್. ತುದಿ ಬದಲಿಸಿ ಮತ್ತೆ ನೋಡಿದರು. ರೆಫರ್. ದೀಪದ ಕೊಳವೆ ಇಟ್ಟು ಒಳಗೆ ಇಣುಕಿದರು. “ಕಿವಿ ಸ್ವಚ್ಛ ಐತ್ರಿ,” ಎಂದು ಮೆಲ್ಲಗೆ ಹೇಳಿದರು. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಆಜಿಗೆ ಮಾತ್ರ ಏನೂ ಅನಿಸಲಿಲ್ಲ. “ಒಳಗ ಇನ್ನೂ ಎಣ್ಣಿ ಐತಿ. ತಾನಾಗೇ ಹೊರಗ ಬರ್ತೈತಿ. ಅಂಜಬ್ಯಾಡ್ರಿ ಅಂದಾಕಿ ನೀನಽ ಅಲ್ಲೇನು?” ಎಂದಳು. ಮನೆಗೆ ಹೋದಾಗ ತಾಟನ್ನು ನೆಲಕ್ಕೆ ಬಡಿದು ತೋರಿಸಿದಳು. ಕೂಸು ಕಣ್ಣು ಪಿಳುಕಿಸಿ ತಿರುಗಿತು. “ನೋಡು! ಕೇಳಸೂದಿಲ್ಲ ಅಂತಿ!”

ನಾನು ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಕೂಸು ಅಲ್ಲಾಡಲಿಲ್ಲ. ಮತ್ತೆ ತಟ್ಟಿದೆ. ತಿರುಗಿತು. ಸದ್ದಿಗೆ ತಿರುಗಿತೋ, ನನ್ನ ನೆರಳಿಗೋ, ತನ್ನಷ್ಟಕ್ಕೆ ತಾನೋ? ತಿಳಿಯಲಿಲ್ಲ. ಮೂರನೆಯ ಸಲ ತಟ್ಟುವ ಧೈರ್ಯ ನನಗೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಎಣ್ಣೆ ಇನ್ನೂ ಒಳಗಿದೆ ಎಂದು ನಂಬಲು ನನಗೂ ಆಸೆಯಾಗಿತ್ತು. ಇನ್ನೊಂದು ತಿಂಗಳು ನೋಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಕೂಸಿನ ತಾಯಿ ನನ್ನನ್ನು ಕಳಿಸಲು ರಸ್ತೆಯತನಕ ಬಂದಳು. ಆ ಹುಡುಗಿ ಅಲ್ಲಿಯವರೆಗೆ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

“ಅಕ್ಕಾರ, ನಾಯಿ ಬೊಗಳಿದ್ರ ಆಜೂಬಾಜೂ ಮನೀ ಕೂಸುಗಳೆಲ್ಲಾ ಚಿಟ್ಟನ ಚೀರಿ ಏಳತಾವ್ರಿ. ನಂದು ಏಳೂದಿಲ್ಲ. ಶ್ಯಾಣೇ ಕೂಸು, ಚಲೋ ನಿದ್ದಿ ಮಾಡತೈತಿ ಅಂತ ಎಲ್ಲಾರೂ ಹೊಗಳತಾರ. ಅವ್ವನ ಮುಂದ ಹೇಳಬ್ಯಾಡ್ರಿ.”

ಕಾಯುವ ಮಾತನ್ನು ನಾನು ನುಂಗಿಕೊಂಡೆ. ಅಲ್ಲೇ ರಸ್ತೆಯಲ್ಲಿ ನಿಂತು ಹುಬ್ಬಳ್ಳಿಗೆ ಫೋನ್ ಮಾಡಿ, “ಒಂದಽ ಒಂದು ಕೂಸ್ರಿ, ಇದಕ್ಕ ಜಾಗಾ ಮಾಡ್ರಿ” ಎಂದು ಕೇಳಿದೆ.

ಮೊದಲ ಸಲ ಹೋದದ್ದು ದಂಡವಾಯಿತು. ಕೂಸಿಗೆ ನೆಗಡಿ, ನಿದ್ದೆಯ ಔಷಧ ಕೊಡಲಾಗದು ಎಂದರು ವೈದ್ಯರು. ಅದು ತಾನಾಗಿ ಮಲಗಲಿಲ್ಲ. ತಲೆಗೆ ಅಂಟಿಸಿದ ತಂತಿಗಳನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಲು ನೋಡಿತು. ನೆಗಡಿ ವಾಸಿಯಾದ ಮೇಲೆ ಮತ್ತೆ ಹೋದೆವು. ಆ ಸಲ ಮಲಗಿತು. ಶ್ರವಣತಜ್ಞೆ ಶಬ್ದವನ್ನು ಏರಿಸುತ್ತ ಹೋದರು. ಪರದೆಯ ಮೇಲೆ ಏಳಬೇಕಾದ ಅಲೆ ಏಳಲಿಲ್ಲ. ಇನ್ನೂ ಏರಿಸಿದರು. ನನ್ನ ಕಣ್ಣಿಗೂ ಕಾಣುತ್ತಿತ್ತು, ಗೆರೆ ನೆಟ್ಟಗೆ ಇತ್ತು. ಎರಡೂ ಕಿವಿ ಹಾಗೆಯೇ.

ಹುಟ್ಟಿನಿಂದಲೇ ಒಳಗಿವಿಯ ತೊಂದರೆ, ಮೊದಲು ಕಿವಿಯ ಯಂತ್ರ ಹಾಕಿ ನೋಡೋಣ, ಸಾಲದಿದ್ದರೆ ಮುಂದೆ ಆಪರೇಷನ್ ಇದೆ ಎಂದು ಅವರು ಸಮಾಧಾನವಾಗಿ ತಿಳಿಸಿದರು. ತಾಯಿ ತಲೆಯಾಡಿಸಿದಳು. ಆಜಿ ಮಾತ್ರ ತನ್ನ ಬಲಗೈ ಬೆರಳುಗಳನ್ನು ನೋಡಿಕೊಳ್ಳುತ್ತ, “ನನ್ನ ಕೈಲೇ ಆತು,” ಎಂದಳು.

“ಎಣ್ಣಿಯಿಂದ ಆಗಿದ್ದಲ್ಲ ಆಜಿ,” ಎಂದೆ.

ಅವಳು ಆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

ಅದಾದ ಮೇಲೆ ಆಶಾ ಕಾರ್ಯಕರ್ತೆಯ ಫೋನ್ ಬಂತು. “ಆಜಿ ಕೂಸಿನ್ನ ಮುಟ್ಟವಲ್ಲಳ್ರಿ. ಎರಿಯೂದಿಲ್ಲ, ಎತ್ಕೊಳ್ಳೂದಿಲ್ಲ. ಅದು ಅತ್ರೂ ದೂರ ಕುಂದರತಾಳ.” ಮರುದಿನವೇ ಹೋದೆ. ಎಣ್ಣೆ ಮೋಸ ಮಾಡಿದ್ದು ಯಂತ್ರಕ್ಕೆ, ಕೂಸಿಗಲ್ಲ, ಎಣ್ಣೆ ಬೀಳುವ ಮೊದಲೇ ಆಸ್ಪತ್ರೆಯಲ್ಲಿ ಇದು ಪಾಸಾಗಿರಲಿಲ್ಲ, ಬೇರೆ ಕೂಸುಗಳಿಗೂ ಎಣ್ಣೆ ಬಿಟ್ಟಿದ್ದರು, ಅವೆಲ್ಲ ಪಾಸಾಗಿಲ್ಲವೇ ಎಂದು ನಾನಾ ರೀತಿಯಲ್ಲಿ ಹೇಳಿದೆ.

ಆಜಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಎಣ್ಣಿ ಏನೂ ಮಾಡೂದಿಲ್ಲಂದ್ರ, ಕಿವ್ಯಾಗ ಏನೂ ಹಾಕಬ್ಯಾಡ್ರಿ ಅಂತ ಊರ ತುಂಬ ಯಾಕ ಹೇಳಿಸೀದಿ?” ಎಂದಳು.

ಕಿವಿಗೆ ಎಣ್ಣೆ ಬಿಡುವುದು ಒಳ್ಳೆಯದಲ್ಲ, ಆದರೆ ಈ ಕಿವುಡು ಎಣ್ಣೆಯಿಂದ ಬಂದದ್ದಲ್ಲ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಳಿದರೆ ನನಗೇ ಸುಳ್ಳು ಹೇಳಿದಂತೆ ಕೇಳಿಸುತ್ತಿತ್ತು. ಅವಳಿಗೆ ಹೇಗೆ ಕೇಳಿಸಿರಬೇಡ! ಬಾಯಿಗೆ ಹೆಸರಾದವಳು ಬಾಯಿ ಮುಚ್ಚಿಕೊಂಡು ಬಂದೆ. ನನಗೆ ಆಜಿ ಬೇಕೇಬೇಕಿತ್ತು. ತಾಯಿ ಕೂಲಿಗೆ ಹೋದರೆ ಕೂಸು ಆಜಿಯ ಹತ್ತಿರ ಉಳಿಯುವುದು. ಕಿವಿಯ ಯಂತ್ರವನ್ನು ಬೆಳಿಗ್ಗೆ ಹಾಕಿ, ಕೂಸು ಎಳೆದು ಬಿಸಾಡಿದಾಗಲೆಲ್ಲ ಮತ್ತೆ ಹಾಕಿ, ಹತ್ತಿರ ಕೂತು ಮಾತಾಡಿಸಬೇಕಾದವಳು ಅವಳು. ಅವಳು ಮುಟ್ಟದಿದ್ದರೆ ಆ ಯಂತ್ರ ಡಬ್ಬಿಯಲ್ಲೇ ಉಳಿಯುತ್ತದೆ, ಕೂಸಿನ ಮಾತೂ ಉಳಿದುಹೋಗುತ್ತದೆ.

ಯಂತ್ರ ಕಿವಿಯಲ್ಲಿ ಸರಿಯಾಗಿ ಕೂರಲು ಮೊದಲು ಕಿವಿಯ ಅಚ್ಚು ತೆಗೆಯಬೇಕು. ಆ ದಿನ ಆಜಿಯನ್ನು ಬಲವಂತ ಮಾಡಿ ಕರೆದುಕೊಂಡು ಹೋದೆ. ಕೂಸನ್ನು ತಾಯಿಯೇ ಹೊತ್ತಿದ್ದಳು. ಆಜಿ ಬಟ್ಟೆಯ ಚೀಲ ಹೊತ್ತು ನಾಲ್ಕು ಹೆಜ್ಜೆ ಹಿಂದೆ ಬಂದಳು. ಒಳಗೆ ಶ್ರವಣತಜ್ಞೆ ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ನಾದಿ, ಸೂಜಿಯಿಲ್ಲದ ದಪ್ಪ ಸಿರಿಂಜಿಗೆ ತುಂಬಿ, ಕೂಸಿನ ಕಿವಿಯ ಹತ್ತಿರ ತಂದರು.

ಆಜಿ ನಡುವೆ ಬಂದು ನಿಂತಳು. “ಏನದು?”

“ಅಚ್ಚಿನ ಹಿಟ್ಟು. ಕಿವ್ಯಾಗ ಹಾಕಿ ಐದು ನಿಮಿಷಕ್ಕ ತಗೀತೇವಿ.”

“ಬ್ಯಾಡ. ಕಿವ್ಯಾಗ ಏನೂ ಹಾಕಬಾರ್ದು ಅಂದವ್ರು ನೀವು. ನಾ ಹಾಕಿದ್ರ ತಪ್ಪು, ನೀವು ಹಾಕಿದ್ರ ಔಷಧ?”

ಶ್ರವಣತಜ್ಞೆ ನನ್ನ ಮುಖ ನೋಡಿದರು. ಕೂಸಿನ ತಾಯಿ, “ಅವ್ವಾ, ಸರೀ” ಎಂದಳು. ಆಜಿ ಸರಿಯಲಿಲ್ಲ. ನನ್ನ ಕಡೆ ಬೆರಳು ಮಾಡಿ, “ಮೊದ್ಲ ಇಕಿ ಕಿವ್ಯಾಗ ಹಾಕು. ಎರಡೂ ಕಿವ್ಯಾಗ. ಆಮ್ಯಾಲೆ ನೋಡೂಣು,” ಎಂದಳು.

ಹಿಟ್ಟು ಗಟ್ಟಿಯಾಗುತ್ತದೆ, ದಂಡವಾಗುತ್ತದೆ ಎಂದು ಶ್ರವಣತಜ್ಞೆ ಗೊಣಗಿದರು. “ಹಾಕ್ರಿ” ಎಂದು ನಾನು ಸ್ಟೂಲಿನ ಮೇಲೆ ಕೂತೆ. ದಾರ ಕಟ್ಟಿದ ಸಣ್ಣ ಹತ್ತಿಯ ಉಂಡೆಯನ್ನು ಒಳಗಿಟ್ಟು ಹಿಟ್ಟು ತುಂಬಿದರು. ತಣ್ಣಗಿತ್ತು. ಒಂದು ಕಿವಿ ಮುಚ್ಚಿತು. ಇನ್ನೊಂದೂ ಮುಚ್ಚಿತು. ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು, ಸದ್ದು ಮಾತ್ರ ದೂರ ಹೋಗಿ ಇಲ್ಲವಾಯಿತು. ನನಗೆ ಕೇಳಿಸುತ್ತಿದ್ದದ್ದು ನನ್ನದೇ ಉಸಿರು.

ಎದುರಿಗೆ ಆಜಿಯ ಬಾಯಿ ಆಡುತ್ತಿತ್ತು. ಏನೋ ಕೇಳುತ್ತಿದ್ದಾಳೆ ಎಂದುಕೊಂಡು ತಲೆಯಾಡಿಸಿದೆ. ಅವಳು ನನ್ನನ್ನೇ ನೋಡಿದಳು. ಮತ್ತೆ ಏನೋ ಹೇಳಿದಳು. ನಾನು ಮತ್ತೆ ತಲೆಯಾಡಿಸಿ ನಕ್ಕೆ. ಆಗ ಅವಳು ಕೂಸಿನ ಕಡೆ ತಿರುಗಿ, ಮಗಳ ಮಡಿಲಿನ ಮೇಲೆ ಬಾಗಿ, ಕೂಸಿನ ಮುಖಕ್ಕೆ ಮುಖ ಕೊಟ್ಟು ಬಹಳ ಹೊತ್ತು ಮಾತಾಡಿದಳು. ಏನೆಂದು ನನಗೆ ಗೊತ್ತಿಲ್ಲ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಚ್ಚು ಕಿತ್ತು ಬಂದಾಗ ಫ್ಯಾನು, ಪಕ್ಕದ ಕೋಣೆಯ ಅಳು, ಹೊರಗಿನ ಆಟೋ ಎಲ್ಲ ಒಮ್ಮೆಲೇ ಒಳಗೆ ನುಗ್ಗಿದವು.

“ಏನಂದಿ ಆಜಿ?” ಎಂದೆ.

“ನಿನಗ ಅಂದದ್ದಲ್ಲ,” ಎಂದಳು. “ಏನೂ ಕೇಳಸ್ಲಿಲ್ಲೇನು ನಿನಗ? ಇಷ್ಟ ಸನೇದಾಗ ಇದ್ದೆ.”

“ಇಲ್ಲ ಆಜಿ.”

“ಸುಮ್ಮ ನಗಾಕತ್ತಿದ್ದಿ.”

“ತಿಳೀಲಿಲ್ಲ, ಅದಕ್ಕ ನಕ್ಕೆ.”

ಅವಳು ಕೂಸನ್ನು ನೋಡಿದಳು. ಅದು ನನ್ನ ಕೈಯಲ್ಲಿದ್ದ ಗುಲಾಬಿ ತುಂಡುಗಳನ್ನು ನೋಡಿ ನಗುತ್ತಿತ್ತು.

“ಇದೂ ಹಂಗಽ ನಗತೈತಿ,” ಎಂದಳು ಆಜಿ. “ಹುಟ್ಟಿದಾಗಿಂದ ಹಿಂಗಽ ಐತೇನು ಇದಕ್ಕ?”

“ಹೊಟ್ಟ್ಯಾಗ ಇದ್ದಾಗಿಂದ.”

ಆಜಿ ಚೀಲವನ್ನು ನೆಲಕ್ಕಿಟ್ಟಳು. ಮಗಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಕೂತು, ಅದರ ತಲೆಯನ್ನು ಅಂಗೈಯಲ್ಲಿ ಹಿಡಿದು, ಬಲಗಿವಿಯನ್ನು ಮೇಲೆ ಮಾಡಿದಳು. “ಲಗೂನ ಹಾಕ್ರಿ,” ಎಂದಳು. “ಇಷ್ಟು ದಿನಾ ಒಬ್ಬಾಕಿನಽ ಇದ್ಲು ನನ್ನ ಮೊಮ್ಮಗಳು.”